ತಲಿಸಾಯ್ ಮೇಲೆ ನಾನು ಅಂಟಿಸಿದ ಚೀಟಿ

ರಟ್ಟಿನ ಡಬ್ಬಿ ಕಂಡರೆ ಅದರ ನಾಲ್ಕೂ ಬದಿ ಓದುವ ಚಟ ನನಗೆ. ವಿಮಾನ ನಿಲ್ದಾಣದಲ್ಲಿ ಎಲ್ಲರೂ ತಮ್ಮ ತಮ್ಮ ಸೂಟ್‌ಕೇಸಿಗೆ ಕಾಯುತ್ತ ನಿಂತಿದ್ದರೆ, ನಾನು ಯಾರದೋ ಡಬ್ಬಿಯ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆದು, ಕತ್ತು ವಾಲಿಸಿ, ಅದು ಯಾವ ಊರಿಗೆ ಹೊರಟಿದೆ ಎಂದು ನೋಡುತ್ತೇನೆ. ಕಳೆದ ಸಲ ಮಂಗಳೂರಿನಲ್ಲಿ ಹೀಗೆ ಓದುತ್ತಿರುವಾಗ ನನ್ನದೇ ಸೂಟ್‌ಕೇಸು ಮೂರು ಸುತ್ತು ಬಂದು ಹೋಯಿತಂತೆ. ಕರೆದೊಯ್ಯಲು ಬಂದಿದ್ದ ತಂಗಿ ಗಾಜಿನ ಆಚೆಯಿಂದ ಎಣಿಸಿದ್ದಳು. ಎಣಿಸುವುದು ನಮ್ಮ ಮನೆತನದ ಗುಣವೇ ಇರಬೇಕು. ಚಿಕ್ಕವಳಿದ್ದಾಗ ನಾನು ಮನೆಯಿಂದ ಶಾಲೆಯ ತನಕ ಬಸ್ಸು ಎಷ್ಟು ಕಡೆ ನಿಲ್ಲುತ್ತದೆ, ಯಾವ ಸ್ಟಾಪಿನಲ್ಲಿ ಎಷ್ಟು ಜನ ಇಳಿಯುತ್ತಾರೆ ಎಂದು ರಫ್ ಪುಸ್ತಕದ ಕೊನೆಯ ಹಾಳೆಯಲ್ಲಿ ಗೀಟು ಹಾಕುತ್ತಿದ್ದೆ. ಗಣಿತದಲ್ಲಿ ಮಾತ್ರ ಮೂವತ್ತೆಂಟು ಬಂದಿತ್ತು. ಆ ಅಂಕಿಯನ್ನೂ ಬರೆದಿಟ್ಟಿದ್ದೇನೆ.

ಡಬ್ಬಿ ಓದುವ ಚಟ ಹತ್ತಿದ್ದು ದುಬೈನಲ್ಲಿ. ನೈಫ್ ಎಂಬ ಪೇಟೆಯ ಒಂದು ಗಲ್ಲಿಯಲ್ಲಿ, ಬಟ್ಟೆ ಅಂಗಡಿಗೂ ಗಡಿಯಾರ ರಿಪೇರಿಯವನಿಗೂ ನಡುವೆ, ಒಂದು ಚಿಕ್ಕ ಕಾರ್ಗೋ ಆಫೀಸು ಇತ್ತು. ಅಲ್ಲಿ ನಾನು ನಾಲ್ಕು ವರ್ಷ ಎರಡು ತಿಂಗಳು ಕೂತು ವಿಳಾಸ ಬರೆದೆ. ನಮ್ಮ ಗಿರಾಕಿಗಳು ಹೆಚ್ಚಿನವರೂ ಫಿಲಿಪೀನ್ಸಿನವರು. ಹೋಟೆಲು, ಆಸ್ಪತ್ರೆ, ಸಲೂನು, ಮನೆಗೆಲಸ, ಹೀಗೆ ಎಲ್ಲೆಲ್ಲೋ ದುಡಿಯುವವರು. ಅವರದೊಂದು ಪದ್ಧತಿ ಇದೆ. ಖಾಲಿ ಡಬ್ಬಿಯನ್ನು ಮೊದಲೇ ಒಯ್ದು ಕೋಣೆಯ ಮೂಲೆಯಲ್ಲಿ ನಿಲ್ಲಿಸುತ್ತಾರೆ. ಸೊಂಟದೆತ್ತರದ ಡಬ್ಬಿ. ವಾರಕ್ಕೊಂದು ಸೋಪು, ಒಂದು ಟವೆಲು, ಹಾಲಿನ ಪುಡಿ, ಮಾಂಸದ ಡಬ್ಬ, ಮಕ್ಕಳ ಚಪ್ಪಲಿ, ಹೀಗೆ ತಿಂಗಳುಗಟ್ಟಲೆ ತುಂಬುತ್ತ ಹೋಗುತ್ತಾರೆ. ಚಪ್ಪಲಿಯ ಅಳತೆಗೆ ಊರಿನಿಂದ ಮಕ್ಕಳು ಕಾಗದದ ಮೇಲೆ ಪಾದ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು ಕಳಿಸಿರುತ್ತಾರೆ. ಮಂಚವೊಂದೇ ತಮ್ಮದಾಗಿರುವ ಬಾಡಿಗೆ ಕೋಣೆಯಲ್ಲಿ ಆ ಡಬ್ಬಿಯೂ ಒಬ್ಬ ರೂಮ್‌ಮೇಟ್ ಇದ್ದ ಹಾಗೆ. ತುಂಬಿದ ದಿನ ನಮಗೆ ಫೋನ್ ಬರುತ್ತದೆ. ನಮ್ಮ ವ್ಯಾನು ಹೋಗಿ ತರುತ್ತದೆ. ನಾನು ಟೇಪು ಸುತ್ತಿಸಿ ವಿಳಾಸ ನೋಡುತ್ತೇನೆ. ಆಮೇಲೆ ಅದು ಹಡಗು ಹತ್ತಿ ಎರಡು ತಿಂಗಳು ಸಮುದ್ರದ ಮೇಲೆ.

ವಿಳಾಸ ಬರೆಯುತ್ತ ಬರೆಯುತ್ತ ನನಗೆ ಊರಿನ ಹೆಸರುಗಳ ಹುಚ್ಚು ಹಿಡಿಯಿತು. ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣ ಎಳೆದೆ: ತಾರೀಕು, ಊರು, ಹೆಸರಿನ ಅರ್ಥ, ಹೇಳಿದವರು ಯಾರು. ಗಿರಾಕಿ ಕೌಂಟರಿನ ಆಚೆ ನಿಂತು ಫಾರಂ ತುಂಬಿಸುವಾಗ ನಾನು ಮೆಲ್ಲಗೆ ಕೇಳುತ್ತಿದ್ದೆ. ಮೊದಮೊದಲು ಅವರಿಗೆ ಅನುಮಾನ, ಇದೂ ಕಸ್ಟಮ್ಸ್‌ನವರ ಪ್ರಶ್ನೆಯಿರಬಹುದೆಂದು. ಆಮೇಲೆ ಒಬ್ಬರನ್ನು ಕಂಡು ಇನ್ನೊಬ್ಬರು ತಾವಾಗಿಯೇ ಹೇಳತೊಡಗಿದರು. ಇಲೊಯಿಲೊ ಎಂದರೆ ಮೂಗು, ಅಲ್ಲಿನ ನದಿಯ ಬಳಿಯ ನೆಲ ಮೂಗಿನ ಹಾಗೆ ಚಾಚಿದೆ. ಬಾಗಿಯೊ ಎಂದರೆ ಪಾಚಿ. ಬತಂಗಾಸ್ ಎಂದರೆ ಹೊಳೆಯಲ್ಲಿ ತೇಲಿ ಬರುವ ಮರದ ದಿಮ್ಮಿ. ಪಂಪಾಂಗ ಎಂದರೆ ನದಿಯ ದಡ. ಗಗನಚುಂಬಿ ಕಟ್ಟಡಗಳ ಮಕಾತಿಯೂ ಹಿಂದೆ ನೀರು ಇಳಿಯುತ್ತಿದ್ದ ಜಾಗ, ಇಳಿತ ಎಂಬ ಅರ್ಥದ ಮಾತಿನಿಂದಲೇ ಆ ಹೆಸರು. ಆಂತಿಪೊಲೊ ಎಂಬಲ್ಲಿ ನಮ್ಮ ಹಲಸಿನ ಬಳಗದ ಮರವೊಂದಿದೆ, ತಿಪೊಲೊ. ಅದನ್ನು ಹೇಳಿದ ನರ್ಸಮ್ಮನಿಗೆ ನಾನು ಅದೇ ಬಳಗದ ಜೀಗುಜ್ಜೆಯನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಪೋಡಿಯ ವಿಷಯ ಹೇಳಿ, ಇಬ್ಬರೂ ಕೆಲಸ ಬಿಟ್ಟು ಐದು ನಿಮಿಷ ಹಸಿದುಕೊಂಡಿದ್ದೆವು.

ಮನಿಲಾದ ವಿಷಯದಲ್ಲಿ ಮಾತ್ರ ಜಗಳವಾಯಿತು. ಒಬ್ಬಾಕೆ ನಿಲಾದ್ ಎಂಬ ಗಿಡ ತುಂಬಿದ್ದ ಊರಾದ್ದರಿಂದ ಆ ಹೆಸರು ಬಂತು, ಶಾಲೆಯಲ್ಲಿ ಟೀಚರು ಹೇಳಿಕೊಟ್ಟದ್ದೇ ಹಾಗೆ ಎಂದಳು. ಅವಳ ಹಿಂದೆ ಸರದಿಯಲ್ಲಿದ್ದ ಕನ್ನಡಕದ ಮನುಷ್ಯ, ಟೀಚರಿಗೇ ಗೊತ್ತಿಲ್ಲ, ಅದು ನೀಲಿ ಬಣ್ಣ ತೆಗೆಯುವ ಗಿಡ, ನೀಲಾ, ಎಂದ. ನಮ್ಮಲ್ಲೂ ನೀಲಿಯೇ ಎಂದು ನಾನು ಉತ್ಸಾಹದಿಂದ ಬಾಯಿ ಹಾಕಿದೆ. ಸರದಿಯಲ್ಲಿದ್ದ ಹನ್ನೊಂದು ಜನ ಎರಡು ಪಕ್ಷವಾದರು. ನಮ್ಮ ಮ್ಯಾನೇಜರ್ ಸುಧಾಕರಣ್ಣ ಒಳಗಿನಿಂದ ಬಂದು, "ಎಂತ ಮಾರಾಯ್ತಿ, ಡಬ್ಬಿ ತಕ್ಕೊಳ್ಳಿಕ್ಕೆ ಕೂತದ್ದಾ, ಊರಿಗೆ ನಾಮಕರಣ ಮಾಡ್ಲಿಕ್ಕೆ ಕೂತದ್ದಾ?" ಎಂದು ಕೇಳಿ, ಎಲ್ಲರಿಗೂ ಯಲ್ಲಾ ಯಲ್ಲಾ, ಬೇಗ ಬೇಗ ಎಂದು ಸರದಿ ಸರಿ ಮಾಡಿದರು. ಸುಧಾಕರಣ್ಣ ಉಡುಪಿ ಕಡೆಯವರು. ಮನೆಯಲ್ಲಿ ತುಳು, ನನ್ನ ಹತ್ತಿರ ಕನ್ನಡ, ಗಿರಾಕಿಗಳ ಹತ್ತಿರ ಹಿಂದಿಯೂ ಇಂಗ್ಲಿಷೂ ಕಲಸಿದ್ದು. ಬೈಯುವುದಕ್ಕೆ ಮಾತ್ರ ನಾಲ್ಕೂ ಬಳಸುತ್ತಿದ್ದರು.

ಎರಡು ವರ್ಷ ಕಳೆಯುವಷ್ಟರಲ್ಲಿ ನನ್ನ ಪುಸ್ತಕದಲ್ಲಿ ಇನ್ನೂರ ಹದಿನಾರು ಊರುಗಳಾದವು. ಮರದ ಹೆಸರು ಐವತ್ತೆರಡು, ನೀರಿನದು ನಲವತ್ತು, ಸಂತರದು ಎಪ್ಪತ್ತರ ಮೇಲೆ. ಸಂತರು ಬಂದದ್ದು ಸ್ಪೇನಿನವರ ಜೊತೆ. ಮರದ, ಹೊಳೆಯ ಹೆಸರು ಅಳಿಸಿ ಸಂತರ ಹೆಸರಿಟ್ಟ ಊರುಗಳು ಎಷ್ಟೋ. ಹಳೆಯ ಹೆಸರು ಅಜ್ಜಿಯರ ಬಾಯಲ್ಲಿ, ಹೊಸದು ಸರಕಾರಿ ಕಾಗದದಲ್ಲಿ. ಸಾನ್ ಇಸಿದ್ರೊ ಎಂಬ ಹೆಸರಿನ ಪಟ್ಟಣಗಳೇ ನನ್ನ ಪಟ್ಟಿಯಲ್ಲಿ ಒಂಬತ್ತು ಇದ್ದವು, ಹಳ್ಳಿಗಳನ್ನು ಎಣಿಸುವುದನ್ನು ನಾನೇ ಬಿಟ್ಟಿದ್ದೆ. ನಾನು ಇಗರ್ಜಿಯಲ್ಲಿ ಬೆಳೆದವಳು, ಸಂತರ ಪಟ್ಟಿ ನನಗೆ ಬಾಯಿಪಾಠ. ಇಷ್ಟೆಲ್ಲ ಆದ ಮೇಲೆ ಮನುಷ್ಯನಿಗೆ ತನ್ನ ಬಗ್ಗೆ ಒಂದು ಅಭಿಪ್ರಾಯ ಬಂದೇ ಬರುತ್ತದೆ. ನನಗೂ ಬಂತು.

ಆಗ ಬಂದವರು ಆತೆ ನೇನಿಂಗ್. ಆತೆ ಎಂದರೆ ಅವರಲ್ಲಿ ಅಕ್ಕ. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ಮನೆಯ ಎರಡು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು. ಊರು ಬೊಹೋಲ್ ಎಂಬ ದ್ವೀಪದ ಕಡಲ ಬದಿ. ತಿಂಗಳಿಗೊಮ್ಮೆ ರಜೆ ಸಿಕ್ಕಾಗ ದುಬೈನ ಊದ್ ಮೇಥಾದ ಇಗರ್ಜಿಗೆ ಬಂದು, ಅಲ್ಲಿಂದ ನೈಫ್‌ಗೆ ಬಂದು ಸಾಮಾನು ಕೊಂಡು, ನಮ್ಮ ಆಫೀಸಿನಲ್ಲಿ ಕೂತು ನೀರು ಕುಡಿದು ಹೋಗುತ್ತಿದ್ದರು. ಮಗಳು ಮಿಕಾ ಅಜ್ಜಿಯ ಹತ್ತಿರ. ತಾಯಿ ಮನೆ ಬಿಡುವಾಗ ಅವಳಿಗೆ ಐದು ವರ್ಷ, ಈಗ ಆರನೆಯ ತರಗತಿ ಮುಗಿಸುತ್ತಿದ್ದಳು. ಅವರ ಕಡೆ ಆರನೆಯದು ಮುಗಿಯುವಾಗ ದೊಡ್ಡ ಸಮಾರಂಭ. ಮಕ್ಕಳೆಲ್ಲ ಬಿಳಿ ಉಡುಪು. ಚೆನ್ನಾಗಿ ಓದಿದ ಮಗುವಿಗೆ ರಿಬ್ಬನ್ ಸಿಕ್ಕಿದರೆ ಅದನ್ನು ಎದೆಗೆ ಚುಚ್ಚಲು ಹೆತ್ತವರೇ ವೇದಿಕೆ ಹತ್ತಬೇಕು. ಮಿಕಾಳಿಗೆ ಎರಡು ರಿಬ್ಬನ್ ಎಂದು ಟೀಚರು ಮೊದಲೇ ಹೇಳಿದ್ದರು.

ಆತೆ ನೇನಿಂಗ್‌ಗೆ ಆ ವರ್ಷ ಊರಿಗೆ ಹೋಗುವ ರಜೆ ಇರಲಿಲ್ಲ. ಅವರು ನೈಫ್‌ನಲ್ಲಿ ಬಿಳಿ ಬಟ್ಟೆ ಕೊಂಡು, ಅಜ್ಜಿ ಫೋನಿನಲ್ಲಿ ಹೇಳಿದ ಅಳತೆಗೆ ತಾವೇ ಕೈಯಲ್ಲಿ ಫ್ರಾಕು ಹೊಲಿದರು. ಮನೆಯ ಮಕ್ಕಳು ಮಧ್ಯಾಹ್ನ ಮಲಗುವ ಒಂದು ಗಂಟೆ ಹೊತ್ತು ಹೊಲಿಗೆ. ಅಕ್ಟೋಬರಿನಿಂದ ಡಿಸೆಂಬರ್ ತನಕ ಹಿಡಿಯಿತು. ನಮ್ಮ ಕೌಂಟರಿನ ಮೇಲೆ ಅದನ್ನು ಬಿಡಿಸಿ ತೋರಿಸಿ ಅವರು ಹೇಳಿದ್ದನ್ನು ನಾನು ಆ ದಿನವೇ ಬರೆದುಕೊಂಡಿದ್ದೆ: "ನಾನು ವೇದಿಕೆ ಹತ್ತೋಕಾಗಲ್ಲ ಮ್ಯಾಮ್. ನನ್ನ ಹೊಲಿಗೆಯಾದರೂ ಹತ್ತಲಿ."

ಎರಡು ಸಾವಿರದ ಹದಿನೈದರ ಜನವರಿ ಒಂಬತ್ತು, ಶುಕ್ರವಾರ. ಡಬ್ಬಿ ಬಂತು. ಮೇಲೆ ಆತೆ ನೇನಿಂಗ್ ತಮ್ಮ ಕೈಯಲ್ಲೇ ವಿಳಾಸ ಬರೆದಿದ್ದರು: ಅಜ್ಜಿಯ ಹೆಸರು, ತಲಿಸಾಯ್, ಅದರ ಕೆಳಗೆ ಅವರ ಪಟ್ಟಣ, ಬೊಹೋಲ್, ಅಜ್ಜಿಯ ಫೋನು. ತಲಿಸಾಯ್ ಕಂಡ ಕೂಡಲೇ ನನ್ನ ಪಾಂಡಿತ್ಯ ಎದ್ದು ಕೂತಿತು. ಕೆಲವು ತಿಂಗಳ ಹಿಂದೆ ಅವರೇ ಹೇಳಿದ್ದರಲ್ಲ, ತಲಿಸಾಯ್ ಎಂಬ ಮರದಿಂದ ಊರಿಗೆ ಆ ಹೆಸರು, ಈಗ ಕಾಗದದಲ್ಲಿ ಅದು ಸಾನ್ ಇಸಿದ್ರೊ ಎಂದು. ಪಾಪ, ರೂಢಿಯಲ್ಲಿ ಹಳೆಯದನ್ನೇ ಬರೆದಿದ್ದಾರೆ, ಊರಿನ ಡೆಲಿವರಿಯವನಿಗೆ ತೊಂದರೆಯಾಗಬಾರದು ಎಂದುಕೊಂಡೆ. ನಮ್ಮ ಡೆಲಿವರಿ ಪಟ್ಟಿ ತೆಗೆದು ನೋಡಿದರೆ 'ಸಾನ್ ಇಸಿದ್ರೊ, ಬೊಹೋಲ್' ಎಂದು ಇದ್ದೇ ಇತ್ತು. ಬಿಳಿ ಚೀಟಿಯ ಮೇಲೆ ದುಂಡಗೆ ಹಾಗೆಯೇ ಬರೆದು, ಅಜ್ಜಿಯ ಹೆಸರೊಂದನ್ನು ಬಿಟ್ಟು ಅವರ ಉಳಿದ ಬರಹದ ಮೇಲೆ ಅಂಟಿಸಿ, ಅದರ ಮೇಲೆ ಟೇಪು ಹೊಡೆದೆ. ಪಟ್ಟಣದ ಹೆಸರು ಹೆಚ್ಚುವರಿ ಅನ್ನಿಸಿ ಬಿಟ್ಟುಬಿಟ್ಟೆ. ಕಂಪ್ಯೂಟರಿನಲ್ಲೂ ಅದನ್ನೇ ದಾಖಲಿಸಿದೆ. ಆ ದಿನದ ಡೈರಿಯಲ್ಲಿ 'ಇವತ್ತು ತಿದ್ದಿದ ವಿಳಾಸ: ಮೂರು' ಎಂದು ಹೆಮ್ಮೆಯ ಗೀಟುಗಳಿವೆ.

ಮಾರ್ಚ್ ಹನ್ನೊಂದು, ಬುಧವಾರ, ಆತೆ ನೇನಿಂಗ್ ಫೋನ್ ಮಾಡಿದರು. ಅದೇ ಹಡಗಿನಲ್ಲಿ ಹೋದ ಗೆಳತಿಯ ಡಬ್ಬಿ ಮುಟ್ಟಿದೆ, ತನ್ನದು ಇಲ್ಲ. ಸಮಾರಂಭ ಇಪ್ಪತ್ತೇಳಕ್ಕೆ. ನಾನು ನೋಡಿದೆ. ಸಾನ್ ಇಸಿದ್ರೊದಲ್ಲಿ ತಲುಪಿಸಿದ್ದಾರೆ ಎಂದು ಕಂಪ್ಯೂಟರು ಹೇಳುತ್ತಿತ್ತು. ವಿಚಾರಿಸಿ ಹೇಳುತ್ತೇನೆ ಎಂದು ಫೋನ್ ಇಟ್ಟು, ಗೋಡೆಯ ಮೇಲಿನ ದೊಡ್ಡ ನಕ್ಷೆಯ ಎದುರು ನಿಂತೆ. ಸಾನ್ ಇಸಿದ್ರೊ ಇದ್ದದ್ದು ದ್ವೀಪದ ಒಳಗಡೆ, ಬೆಟ್ಟಗಳ ಬದಿಗೆ. ಆತೆ ನೇನಿಂಗ್ ತಮ್ಮೂರಿನ ವಿಷಯ ಹೇಳಿದಾಗಲೆಲ್ಲ ದೋಣಿ, ಮೀನು, ಅಲೆ ಎಂದಿದ್ದರು. ಅವರ ಊರು ಕಡಲ ಬದಿಯ ಪಟ್ಟಣಕ್ಕೆ ಸೇರಿದ ಒಂದು ಹಳ್ಳಿ. ನಾನು ಡಬ್ಬಿ ಕಳಿಸಿದ್ದು ಅದೇ ಹೆಸರಿನ, ಅವರಿಗೆ ಸಂಬಂಧವೇ ಇಲ್ಲದ ಒಂದು ಪಟ್ಟಣಕ್ಕೆ. ಅಜ್ಜಿಯ ಫೋನ್ ನಂಬರು ನನ್ನ ಚೀಟಿಯ ಅಡಿಯಲ್ಲಿತ್ತು.

ಸುಧಾಕರಣ್ಣನಿಗೆ ಹೇಳಿದೆ. ಬೈಗುಳ ಬರುತ್ತದೆಂದು ಕಾದೆ. ಅವರು ಬೈಯದೆ, "ನಿನ್ನ ಅಮ್ಮನಿಗೆ ಮಂಗಳೂರು ಎಂತ?" ಎಂದು ಕೇಳಿದರು. ಕೊಂಕಣಿಯಲ್ಲಿ ಕೊಡಿಯಾಲ್ ಎಂದೆ. "ನನ್ನ ಅಮ್ಮನಿಗೆ ಕುಡ್ಲ. ನಮ್ಮ ಬ್ಯಾರಿ ಡ್ರೈವರಿಗೆ ಮೈಕಾಲ. ಇದ್ರಲ್ಲಿ ಯಾವುದನ್ನು ತಿದ್ದುದು ನೀನು?" ಅಷ್ಟೇ. ಆಮೇಲೆ ಮನಿಲಾದ ಏಜೆಂಟಿಗೆ ತಾವೇ ಫೋನ್ ಹಚ್ಚಿದರು. ಡಬ್ಬಿಯನ್ನು ಬಸ್ಸು ನಿಲ್ಲುವ ಯಾವುದೋ ಒಂದು ಕಡೆ ಯಾವುದೋ ಅಂಗಡಿಯಲ್ಲಿ ಬಿಟ್ಟು ಬಂದಿದ್ದಾರೆ, ಹೇಳಬೇಕಾದ ವ್ಯಾನಿನವನು ಬೇರೆ ದ್ವೀಪಕ್ಕೆ ಹೋಗಿದ್ದಾನೆ, ಅವನ ಫೋನು ಹತ್ತುತ್ತಿಲ್ಲ ಎಂಬಲ್ಲಿಗೆ ಸುಳಿವು ಮುಗಿಯಿತು. ಆತೆ ನೇನಿಂಗ್‌ಗೆ ಫೋನ್ ಮಾಡಿ ತಿಳಿಸುತ್ತೇನೆ ಎಂದೆ. "ಫೋನಲ್ಲಿ ಹೇಳುದಲ್ಲ ಅದು. ಹೋಗಿ ಮೋರೆ ಕೊಟ್ಟು ಹೇಳು," ಎಂದರು.

ಶುಕ್ರವಾರ ಎರಡು ಬಸ್ಸು ಹತ್ತಿ, ಇಪ್ಪತ್ತೆರಡು ನಿಮಿಷ ನಡೆದು, ಖಲೀಫಾ ಸಿಟಿ ಮುಟ್ಟಿದೆ. ಒಂದೇ ಬಣ್ಣದ ಗೋಡೆಗಳ ಹಿಂದೆ ಒಂದೇ ಎತ್ತರದ ಮನೆಗಳು. ಆತೆ ನೇನಿಂಗ್‌ಗೆ ಅರ್ಧ ಗಂಟೆ ಬಿಡುವು ಸಿಕ್ಕಿತ್ತು. ಬೀದಿಯ ಕೊನೆಯ ಕಿರಾಣಿ ಅಂಗಡಿಯ ಪಕ್ಕ, ಒಂದು ಮನೆಯ ಗೋಡೆಯಾಚೆಯಿಂದ ಹೊರಚಾಚಿದ ಮರದ ನೆರಳಿನಲ್ಲಿ ಕಲ್ಲಿನ ಅಂಚಿನ ಮೇಲೆ ಕೂತೆವು. ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಸಾಲುಸಾಲಾಗಿ ಜೋಡಿಸಿಕೊಂಡಿದ್ದೆ, ಮೊದಲು ಇದು, ಎರಡನೆಯದು ಇದು ಎಂದು. ಬಾಯಿಂದ ಬಂದದ್ದು ಕೊನೆಯದು ಮೊದಲಾಗಿ. ಅವರು ಪೂರ್ತಿ ಕೇಳಿದರು. ಡಬ್ಬಿ ಎಲ್ಲಿದೆ ಎಂದು ಕೇಳಿದರು, ಯಾವ ಅಂಗಡಿಯೋ ಗೊತ್ತಿಲ್ಲ ಎಂದೆ. ಇನ್ನು ಹದಿನಾಲ್ಕು ದಿನ ಎಂದರು. ಅದನ್ನು ಎಣಿಸಲು ಅವರಿಗೆ ಡೈರಿ ಬೇಕಾಗಿರಲಿಲ್ಲ.

ಆಮೇಲೆ ಅವರು ಹೇಳಿದ್ದು ಇಷ್ಟು: "ನಮ್ಮೂರುಗಳ ಹೆಸರಿನ ಕತೆಯೆಲ್ಲ ನಿಮಗೆ ಗೊತ್ತು ಮ್ಯಾಮ್. ನನ್ನ ಅಮ್ಮನ ಮನೆ ಎಲ್ಲಿದೆ ಅಂತ ಮಾತ್ರ ಗೊತ್ತಿಲ್ಲ."

ದನಿ ಏರಿಸಲಿಲ್ಲ. ಅವರು ನನ್ನ ಚೀಲದಿಂದ ಇಣುಕುತ್ತಿದ್ದ ನೋಟ್‌ಬುಕ್ಕನ್ನು ತೆಗೆದು ತಮ್ಮೂರಿನ ಪುಟ ಹುಡುಕಿಸಿದರು. ಅರ್ಥದ ಅಂಕಣದಲ್ಲಿ 'ತಲಿಸಾಯ್: ಒಂದು ಬಗೆಯ ಮರ' ಎಂದು ಬರೆದಿದ್ದೆ. ಯಾವ ಬಗೆ ಎಂದು ಕೇಳಿದರು. ಅದನ್ನು ನಾನು ಕೇಳಿಯೇ ಇರಲಿಲ್ಲ. ಅವರು ಬೆರಳು ಮೇಲೆ ತೋರಿಸಿದರು. ನಾವು ಕೂತದ್ದೇ ತಲಿಸಾಯ್ ಮರದ ನೆರಳಿನಲ್ಲಿ. ಅಗಲ ಎಲೆ, ಅಂತಸ್ತು ಅಂತಸ್ತಾಗಿ ಹರಡಿದ ಕೊಂಬೆ, ಕೆಳಗೆ ಒಣಗಿ ಬಿದ್ದ ಕಾಯಿ. ನಮ್ಮ ಬಾದಾಮಿ ಮರ. ನಾನು ಓದಿದ ಶಾಲೆಯ ಬಾವಿಯ ಹತ್ತಿರ ಇದ್ದದ್ದು ಇದೇ. ಮಧ್ಯಾಹ್ನದ ಬಿಡುವಿನಲ್ಲಿ ಕಾಯಿಯನ್ನು ಕಲ್ಲಿನಿಂದ ಜಜ್ಜಿ, ನಾರಿನೊಳಗಿನ ಬಿಳಿ ಬೀಜ ತೆಗೆದು ತಿನ್ನುವಾಗ ಬೆರಳೂ ಜಜ್ಜಿಕೊಳ್ಳುತ್ತಿದ್ದೆವು. ಸಮವಸ್ತ್ರದ ಮೇಲೆ ಕೆಂಪು ಕಲೆ, ಮನೆಯಲ್ಲಿ ಪೆಟ್ಟು. ಇದನ್ನು ಹೇಳಿದೆ. ಮಿಕಾಳೂ ಹಾಗೆಯೇ ಕಲೆ ಮಾಡಿಕೊಳ್ಳುತ್ತಾಳೆ ಎಂದು ಅಜ್ಜಿ ದೂರುತ್ತಾರಂತೆ. ಒಂದು ಕ್ಷಣ ಅವರು ನಗುವಂತೆ ಕಂಡರು. ಆದರೆ ಬಿಳಿ ಫ್ರಾಕು ನೆನಪಾಗಿರಬೇಕು, ಎದ್ದು ಮಕ್ಕಳು ಏಳುವ ಹೊತ್ತಾಯಿತು ಎಂದು ಹೊರಟರು.

ಮುಂದಿನ ಒಂಬತ್ತು ದಿನ ನಾನು ಮನಿಲಾಕ್ಕೆ ಮಾಡಿದ ಫೋನು ಹದಿನೇಳು. ಊದ್ ಮೇಥಾದ ಇಗರ್ಜಿಯ ಅಂಗಳದಲ್ಲಿ ಬೊಹೋಲಿನವರು ಸಿಕ್ಕಾಗಲೆಲ್ಲ ಆ ಕಡೆ ಯಾರಾದರೂ ಪರಿಚಯದವರಿದ್ದಾರೆಯೇ ಎಂದು ಕೇಳಿದೆ. ಕೌಂಟರಿನಲ್ಲಿ ಊರಿನ ಹೆಸರಿನ ಅರ್ಥ ಕೇಳುವುದನ್ನು ನಿಲ್ಲಿಸಿದ್ದೆ. ಒಬ್ಬಾಕೆ ತಾನಾಗಿ ಹೇಳಲು ಬಂದವಳು, ನಾನು ಪೆನ್ನು ಎತ್ತದೆ ಇದ್ದದ್ದನ್ನು ಕಂಡು ಮುಖ ಸಣ್ಣ ಮಾಡಿ ಹೋದಳು. ಡಬ್ಬಿ ಕಟ್ಟುವಾಗಲೆಲ್ಲ ಇದರೊಳಗೆ ಏನೇನು ಹೊಲಿದು ಇಟ್ಟಿರಬಹುದು ಎಂದು ಯೋಚನೆ ಹತ್ತುತ್ತಿತ್ತು.

ಅತ್ತ ಸಾನ್ ಇಸಿದ್ರೊದಲ್ಲಿ ನಡೆದದ್ದು ನಮಗೆ ಆಮೇಲೆ ತಿಳಿಯಿತು. ಬಸ್ಸು ನಿಲ್ಲುವಲ್ಲಿ ಒಂದು ಪುಟ್ಟ ಅಂಗಡಿ. ಅಂಗಡಿಯಾಕೆ ನಾಂಗ್ ಪಾಸಿಂಗ್, ಅರವತ್ತು ದಾಟಿದ ಹೆಂಗಸು; ಹಿರಿಯ ಹೆಂಗಸರನ್ನು ಆ ಕಡೆ ನಾಂಗ್ ಎನ್ನುತ್ತಾರೆ. ಯಾರದೆಂದು ಗೊತ್ತಿಲ್ಲದ ಡಬ್ಬಿಯನ್ನು ಒಪ್ಪಿಕೊಂಡು, ನೆಲದ ತಂಡಿ ತಾಗದಂತೆ ತನ್ನ ಬೆಂಚಿನ ಮೇಲೆ ಇಟ್ಟು, ತಾನು ಬಿಯರ್ ಬಾಟಲಿಯ ಕ್ರೇಟಿನ ಮೇಲೆ ಕೂರುತ್ತಿದ್ದಳಂತೆ. ಆ ಹೆಸರಿನ ಅಜ್ಜಿ ಯಾರಾದರೂ ಇದ್ದಾರೆಯೇ ಎಂದು ಸಾಮಾನು ಕೊಳ್ಳಲು ಬಂದವರನ್ನೆಲ್ಲ ಕೇಳಿದಳು. ತೆರೆದು ನೋಡು ಎಂದು ಹೇಳಿದವರಿಗೆ ಬೈದಳು. ಡಬ್ಬಿ ತುಂಬಲು ಎಷ್ಟು ದಿನ ಹಿಡಿಯುತ್ತದೆಂದು ಅವಳಿಗೆ ಗೊತ್ತು, ಅವಳ ತಂಗಿ ಕುವೈತಿನಲ್ಲಿದ್ದವಳು. ಕೊನೆಗೆ ಒಂದು ಭಾನುವಾರ, ಮಳೆಯ ತಂಡಿಗೆ ನನ್ನ ಟೇಪು ಮೂಲೆಯಲ್ಲಿ ಸುರುಳಿಯೆದ್ದು, ಚೀಟಿಯ ಅಂಚು ಕಿತ್ತಿತ್ತು. ಕೆಳಗೆ ಬೇರೆ ಅಕ್ಷರ ಕಂಡಿತು. ಉಗುರಿನಿಂದ ಪೂರ್ತಿ ಎಬ್ಬಿಸಿದಳು. ತಲಿಸಾಯ್, ಪಟ್ಟಣ, ಫೋನ್ ನಂಬರು, ಎಲ್ಲವೂ ತಾಯಿಯ ಕೈಬರಹದಲ್ಲಿ ಇದ್ದ ಹಾಗೆಯೇ ಇದ್ದವು.

ಅಜ್ಜಿಗೆ ಫೋನು ಹೋಯಿತು. ಡಬ್ಬಿಯನ್ನು ಬಸ್ಸಿನ ಟಾಪಿನ ಮೇಲೆ ಹಾಕಲು ನಾಂಗ್ ಪಾಸಿಂಗ್ ಒಪ್ಪಲಿಲ್ಲ. ಕಂಡಕ್ಟರಿನ ಹಿಂದಿನ ಸೀಟಿನಲ್ಲಿ ಇರಿಸಿ, ಇಳಿಸುವ ಜಾಗವನ್ನು ಅವನಿಂದ ಮೂರು ಸಲ ಬಾಯಿಬಿಟ್ಟು ಹೇಳಿಸಿ ಕಳಿಸಿದಳು. ಮಾರ್ಚ್ ಇಪ್ಪತ್ತನಾಲ್ಕು, ಮಂಗಳವಾರ, ಅದು ತಲಿಸಾಯ್ ಮುಟ್ಟಿತು. ಇಪ್ಪತ್ತೇಳರಂದು ಆತೆ ನೇನಿಂಗ್ ನನಗೊಂದು ಫೋಟೊ ಕಳಿಸಿದರು. ವೇದಿಕೆಯ ಮೇಲೆ ಅಜ್ಜಿ ಕಣ್ಣು ಕಿರಿದು ಮಾಡಿ ರಿಬ್ಬನ್ ಚುಚ್ಚುತ್ತಿದ್ದಾರೆ. ಎತ್ತರದ ಹುಡುಗಿ ಮೂಗು ಮೇಲೆ ಮಾಡಿ ಅಲ್ಲಾಡದೆ ನಿಂತಿದ್ದಾಳೆ. ಕೆಳಗೆ ಒಂದು ಮಾತೂ ಬರೆದಿರಲಿಲ್ಲ. ಸುಧಾಕರಣ್ಣ ಫೋಟೊವನ್ನು ದೊಡ್ಡದು ಮಾಡಿ ಹೊಲಿಗೆ ನೋಡಿ, "ಒಳ್ಳೇ ಕೈ," ಎಂದರು. ಬಳಿಕ ನನ್ನ ಕಡೆ ನೋಡದೆ, ಬೇಗ ಚಾ ತರಿಸು ಎಂದರು.

ಆ ಮೇಲೆ ಆರು ತಿಂಗಳು ಆತೆ ನೇನಿಂಗ್ ನಮ್ಮ ಆಫೀಸಿಗೆ ಬರಲಿಲ್ಲ. ಬೇರೆ ಕಾರ್ಗೋದವರ ಹತ್ತಿರ ಹೋಗುತ್ತಿರಬಹುದು, ಹೋಗುವುದೇ ಸರಿ ಎಂದುಕೊಂಡೆ. ಅಕ್ಟೋಬರಿನ ಒಂದು ಶುಕ್ರವಾರ ಬಾಗಿಲಲ್ಲಿ ಒಂದು ದೊಡ್ಡ ಡಬ್ಬಿ ಕಾಣಿಸಿತು, ಅದರ ಹಿಂದೆ ಅವರು. ತೋಳಿನಲ್ಲಿ ಇನ್ನೊಂದು ಸಣ್ಣ ಡಬ್ಬಿ. ಎರಡರ ಮೇಲೂ ಒಂದಕ್ಷರ ಬರೆದಿರಲಿಲ್ಲ. ಸುಧಾಕರಣ್ಣ ಬೇಗನೆ ಎದ್ದು ಬಂದು, ತಾನೇ ಬರೆಯುತ್ತೇನೆಂದು ಮಾರ್ಕರ್ ತೆಗೆದುಕೊಂಡರು. ಆತೆ ನೇನಿಂಗ್ ಅದನ್ನು ಅವರ ಕೈಯಿಂದ ತೆಗೆದು ಕೌಂಟರಿನ ಮೇಲೆ ನನ್ನ ಎದುರಿಗಿಟ್ಟು, ಇವಳೇ ಬರೆಯಲಿ ಎಂದರು.

ದೊಡ್ಡ ಡಬ್ಬಿಗೆ ಅವರು ಒಂದೊಂದೇ ಅಕ್ಷರ ಹೇಳಿದರು, ನಾನು ಒಂದೊಂದೇ ಬರೆದೆ. ತಲಿಸಾಯ್. ಪಟ್ಟಣ. ಬೊಹೋಲ್. ಫೋನ್ ನಂಬರನ್ನು ಎರಡು ಬದಿಯಲ್ಲಿ ಬರೆಸಿದರು.

ಸಣ್ಣದರಲ್ಲಿ ಎರಡು ಟವೆಲು, ಕಾಫಿ ಪುಡಿ, ಕಾಲು ನೋವಿನ ಎಣ್ಣೆ, ಕುರ್ಚಿಯ ಮೇಲೆ ಹಾಕುವ ಒಂದು ಮೆತ್ತೆ. ಅದನ್ನು ನನ್ನತ್ತ ಸರಿಸಿ, ನಾಂಗ್ ಪಾಸಿಂಗ್, ಬಸ್ಸು ನಿಲ್ಲುವಲ್ಲಿನ ಅಂಗಡಿ ಎಂದಷ್ಟೇ ಹೇಳಿ ನಿಲ್ಲಿಸಿದರು. ನಾನು ಮುಂದಿನ ಅಕ್ಷರಕ್ಕೆ ಕಾದೆ. ಅವರ ದ್ವೀಪದಲ್ಲಿ ಮನೆಯ ಕಿರಿಯ ಹುಡುಗಿಯನ್ನು ದಾಯ್ ಎಂದು ಕರೆಯುತ್ತಾರೆ. ಅದುವರೆಗೆ ಅವರು ನನ್ನನ್ನು ಹಾಗೆ ಕರೆದಿರಲಿಲ್ಲ.

"ಉಳಿದದ್ದು ನಾನು ಹೇಳ್ಬೇಕಾ ದಾಯ್? ಆ ವಿಳಾಸ ನಿನಗೆ ಚೆನ್ನಾಗಿ ಗೊತ್ತಲ್ಲ," ಎಂದರು.

ಸಾನ್ ಇಸಿದ್ರೊ, ಬೊಹೋಲ್ ಎಂದು ನಾನು ಡಬ್ಬಿಯ ಮೇಲೆಯೇ ದುಂಡಗೆ ಬರೆದೆ.